ಸಕ್ಕರೆಗೆ ಬಾಯಿ ಹಾಕದ ಗಡ್ಡೆ

ಕೊಟ್ಟೂರಿನ ನಮ್ಮ ರಕ್ತಪರೀಕ್ಷೆಯ ಲ್ಯಾಬಿಗೆ ಒಂದು ಮುಂಜಾನೆ ಹಿರೇಹಡಗಲಿ ಕಡೆಯ ಹಿರಿಯರೊಬ್ಬರು ಬಂದವರೇ ನನ್ನ ಬಾಯಿಗೊಂದು ಪೇಡೆ ತುರುಕಿ, ಡಬ್ಬಿಯನ್ನು ಮೇಜಿನ ಮೇಲಿಟ್ಟರು. ಪೆಟ್ ಸ್ಕ್ಯಾನ್ ಎಂಬ ಹೆಸರೇ ನಮ್ಮ ಕಡೆ ಹೊಸದಾಗಿದ್ದ ಕಾಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ಆಪರೇಷನ್ ಆಗಿದ್ದರೂ ರಕ್ತದಲ್ಲಿ ಆ ಕ್ಯಾನ್ಸರಿನ ಸುಳಿವು ಕೊಡುವ ಪಿಎಸ್‌ಎ ಮತ್ತೆ ಏರುತ್ತಿದೆಯೆಂದು ಅವರು ಬೆಂಗಳೂರಿಗೆ ಹೋಗಿ ಆ ಸ್ಕ್ಯಾನ್ ಮಾಡಿಸಿಕೊಂಡು ಬಂದಿದ್ದರು.

"ಏನೂ ಇಲ್ಲಂತ್ರಿ! ಇನ್ನ ರಕ್ತ ಕೊಡಂಗಿಲ್ಲ, ಡಾಕ್ಟರ್ ಹತ್ರಾನೂ ಹೋಗಂಗಿಲ್ಲ. ಅದನ್ನ ಹೇಳಾಕ ಬಂದೆ."

"ಇಲ್ಲ ಅಂತ ಯಾರು ಹೇಳಿದ್ರು?"

"ಅಲ್ಲಿ ರಿಪೋರ್ಟ್ ಕೊಟ್ಟಾತ."

ನನಗೆ ಮೈಯೆಲ್ಲ ಉರಿಯಿತು. ಆ ಸ್ಕ್ಯಾನಿಗೆ ಮೈಯೊಳಗೆ ಬಿಡುವುದು ಒಂದು ಬಗೆಯ ಸಕ್ಕರೆ. ಅದನ್ನು ಗಬಗಬನೆ ತಿನ್ನುವ ಗಡ್ಡೆ ಹೊಳೆದು ಕಾಣುತ್ತದೆ. ಪ್ರಾಸ್ಟೇಟಿನದು ಎಷ್ಟೋ ಸಲ ಸಕ್ಕರೆಗೆ ಬಾಯಿಯೇ ಹಾಕುವುದಿಲ್ಲ. ಕಾಣಲಿಲ್ಲ ಎನ್ನುವುದು ಬೇರೆ, ಇಲ್ಲ ಎನ್ನುವುದು ಬೇರೆ ಎಂದು ಹೇಳಲು ಆ ಪುಣ್ಯಾತ್ಮನ ಬಾಯಿಗೆ ಏನಾಗಿತ್ತು?

"ಯಜಮಾನ್ರ, ಬೋರ್ ಪಾಯಿಂಟ್ ನೋಡೋನು ನಿಮ್ಮ ಹೊಲದಾಗ ನೀರಿಲ್ಲ ಅಂದ್ರ ನಂಬಿಬಿಡ್ತೀರೇನು?"

"ಹೆಂಗ ನಂಬ್ಲಿ? ಅವ ಅಂಗೈಮ್ಯಾಲ ತೆಂಗಿನಕಾಯಿ ಇಟ್ಕಂಡು ಅಡ್ಡಾಡ್ತಾನ. ಇನ್ನೊಬ್ಬನ್ನ ಕರಸ್ತೀನಿ. ಇದು ಮಿಷಿನ್ ಅಲ್ಲೇನ್ರಿ?"

"ಮಿಷಿನ್ನೂ ತನಗ ಕಂಡಿದ್ದಷ್ಟ ಹೇಳ್ತೈತಿ. ನಿಮ್ಮ ರಕ್ತ ಬ್ಯಾರೆ ಹೇಳಾಕತ್ತೈತಿ!" ಎಂದು ಕೂಗಿಯೇಬಿಟ್ಟೆ.

ಅವರು ಅಂಗಿಯ ತೋಳು ಮಡಚಿ ಕೈ ಚಾಚಿದರು. "ತಗೋರಿ ಹಂಗಾರ. ಆದ್ರ ಆ ಪೇಡೆ ಡಬ್ಬಿ ಈಕಡಿ ಕೊಡ್ರಿ."

ಡಬ್ಬಿ ಕೊಟ್ಟೆ. ಹೊಟ್ಟೆಗೆ ಇಳಿದದ್ದನ್ನು ಮಾತ್ರ ವಾಪಸ್ ಕೊಡುವಂತಿರಲಿಲ್ಲ. ಆ ಗಡ್ಡೆಗಿದ್ದ ಎಚ್ಚರ ನನಗಿರಲಿಲ್ಲ.