ಅಮಾವಾಸ್ಯೆಗೆ ಇಬ್ಬರೂ ಹಾಜರ್

ಹೊಸ ಚಪ್ಪಲಿ ಕೊಡಲು ಹೋಗಿ ಪೆಚ್ಚಾದವರನ್ನು ಕಂಡಿದ್ದೀರಾ? ಈ ವಾರ ನಾನೇ ಆದೆ.

ಮೊನ್ನೆ ಭಾನುವಾರ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಅತ್ತಿಗೆಯ ಮನೆಗೆ ಹೋಗಿದ್ದೆ. ಅವರು ಸರ್ಕಾರಿ ಶಾಲೆಯ ಹೆಡ್ ಮೇಡಂ. ರಜೆಯಲ್ಲೂ ಎದುರಿಗೆ ಹಾಜರಿ ಪುಸ್ತಕ!

"ಐದನೇ ಕ್ಲಾಸಿನ ಕಾವ್ಯ, ಮೂರನೇ ಕ್ಲಾಸಿನ ಸಿಂಚನ. ಅಕ್ಕತಂಗಿ. ಇಬ್ರೂ ಅರ್ಧ ತಿಂಗ್ಳು ಗೈರು. ಜಾಣೆಯರೇ, ಆದ್ರೆ ಸೋಮಾರಿಗಳು ನೋಡು" ಎಂದರು.

ಎರಡು ಕ್ಲಾಸು, ಎರಡು ಪುಸ್ತಕ. ನನಗೋ ಮೂಗು ತೂರಿಸುವ ಚಟ. ಎರಡನ್ನೂ ಪಕ್ಕಪಕ್ಕ ಇಟ್ಟೆ. ಅಕ್ಕ ಬಂದ ದಿನ ತಂಗಿ ಇಲ್ಲ, ತಂಗಿ ಬಂದ ದಿನ ಅಕ್ಕ ಇಲ್ಲ! ಇಬ್ಬರಿಗೂ ಸೇರಿ ಒಂದೇ ಜೊತೆ ಚಪ್ಪಲಿ ಇರಬೇಕು ಎಂದು ತೀರ್ಮಾನಿಸಿಯೇ ಬಿಟ್ಟೆ. (ಐದನೇ ಕ್ಲಾಸಿನ ಕಾಲು ಮೂರನೇ ಕ್ಲಾಸಿನ ಚಪ್ಪಲಿಗೆ ಹಿಡಿಸುತ್ತದೆಯೇ? ಅದು ಹೊಳೆಯಲಿಲ್ಲ.) ಎರಡು ಜೊತೆ ಕೊಂಡು ಸೋಮವಾರ ಶಾಲೆಗೇ ಹೋದೆ.

ಅಂದು ಬಂದಿದ್ದವಳು ಸಿಂಚನ. ಅತ್ತಿಗೆ ಅವಳನ್ನು ತಮ್ಮ ಕೋಣೆಗೆ ಕರೆಸಿದರು. "ಚಪ್ಪಲಿ ಐತ್ರಿ ಮಿಸ್" ಎಂದು ಕಾಲು ಮುಂದೆ ಮಾಡಿ ತೋರಿಸಿದಳು.

ಮತ್ತೆ ಪುಸ್ತಕ ಬಿಡಿಸಿದೆ. ನಿನ್ನೆ ಕಣ್ಣಿಗೆ ಬಿದ್ದಿರಲಿಲ್ಲ: ತಿಂಗಳಿಗೆ ಒಂದೇ ದಿನ ಇಬ್ಬರೂ ಹಾಜರ್. ಅದೇಕೆ? ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳು ತಾಳೆ ನೋಡಿದೆ. ಮೂರೂ ಅಮಾವಾಸ್ಯೆ!

"ಅಮಾವಾಸ್ಯೆ ದಿನ ನಿಮ್ಮನೇಲಿ ಏನು ವಿಶೇಷ?"

"ಮಗ್ಗಕ್ಕೆ ರಜೆ ರೀ."

ರೇಷ್ಮೆ ಸೀರೆಯ ಮೈ ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ ಆಗಬೇಕಾದರೆ, ನೇಯುವವರ ಪಕ್ಕ ಇನ್ನೊಬ್ಬರು ಕೂತು ಅಂಚಿನ ಲಾಳಿ ದಾಟಿಸಬೇಕು. (ನನ್ನ ಬೀರುವಿನಲ್ಲೂ ಅಂಥವು ಎರಡಿವೆ.)

"ಅಪ್ಪನ ಪಕ್ಕ ಮೊದ್ಲು ಅಜ್ಜಿ ಕೂರ್ತಿತ್ರಿ. ಈಗ ಅದಕ್ಕೆ ಕಣ್ ಕಾಣಲ್ಲ. ಅವ್ವ ಕೂಲಿಗೆ ಹೋಗ್ತಾಳೆ. ಅದಕ್ಕೇ ಒಂದಿನ ಅಕ್ಕ, ಒಂದಿನ ನಾನು. ಸ್ಕೂಲು ಇಬ್ರಿಗೂ ಬೇಕಲ್ರಿ?"

ಸೋಮಾರಿಗಳಂತೆ! ಇಷ್ಟು ನ್ಯಾಯವಾದ ಟೈಮ್‌ಟೇಬಲ್ ಯಾವ ಇಲಾಖೆ ಮಾಡೀತು? ನನಗೆ ಸಂಕಟವಾಯಿತು. ಆ ಎರಡು ಸೀರೆ ನೆನೆದು ನಾಚಿಕೆಯೂ ಆಯಿತು.

ಅತ್ತಿಗೆ ಮೇಜಿನ ಮೇಲಿದ್ದ ಅರ್ಜಿಯೊಂದನ್ನು ನನ್ನ ಕಡೆ ಸರಿಸಿದರು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕಾವ್ಯ ತುಂಬಿದ್ದ ಅರ್ಜಿ. "ಇವ್ಳಿಗೆ ಸೀಟು ಸಿಕ್ಕೇ ಸಿಗ್ತೈತೆ" ಎಂದವರ ದನಿಯಲ್ಲಿ ಖುಷಿ ಪೂರ್ತಿ ಇರಲಿಲ್ಲ. "ಸಂಜೆ ಅವರಪ್ಪನ ಹತ್ರ ಮಾತಾಡ್ಬೇಕು."

ಹೊಸ ಚಪ್ಪಲಿಯನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿ ಸಿಂಚನ ಕೇಳಿದಳು:

"ಅಕ್ಕ ಹಾಸ್ಟೆಲಿಗೆ ಹೋದ್ಮೇಲೆ ನಾನು ಅಮಾಸೆಗೆ ಮಾತ್ರ ಬರ್ತೀನ್ರಿ ಮಿಸ್. ಹೆಸ್ರು ಹೊಡೆದುಹಾಕಲ್ಲ ಅಲ್ರಿ?"