ಅಳತೆ ಪುಸ್ತಕದ ಹಿಂದಿನ ಪುಟಗಳು

ನಾನು ಬ್ಲೌಸ್ ಹೊಲಿಯುವವಳು. ಜಯನಗರದ ಒಂದು ಹಳೇ ಕಾಂಪ್ಲೆಕ್ಸಿನಲ್ಲಿ, ಮೆಟ್ಟಿಲ ಕೆಳಗೆ ನನ್ನ ಅಂಗಡಿ. ಅಳತೆ ತೆಗೆದುಕೊಳ್ಳುವಾಗ ನನಗೊಂದು ಅಭ್ಯಾಸವಿದೆ, ನನಗೆ ಹೊಲಿಗೆ ಕಲಿಸಿದ ಅಕ್ಕನಿಂದ ಬಂದದ್ದು. ಟೇಪು ನಲವತ್ತು ತೋರಿಸಿದರೆ ಬಾಯಲ್ಲಿ ಮೂವತ್ತೆಂಟು ಅನ್ನುತ್ತೇನೆ. ಪುಸ್ತಕದಲ್ಲಿ ಮಾತ್ರ ನಲವತ್ತೇ ಬರೆಯುತ್ತೇನೆ. ಬಂದ ಮೇಡಂ ಮುಖ ಅರಳುತ್ತದೆ, ಬ್ಲೌಸೂ ಮೈಗೆ ಸರಿಯಾಗಿ ಕೂರುತ್ತದೆ. ಇಷ್ಟು ವರ್ಷದಲ್ಲಿ ಇದರಿಂದ ಯಾರಿಗೂ ತೊಂದರೆಯಾಗಿಲ್ಲ.

ಆ ಅಭ್ಯಾಸವನ್ನು ಒಂದು ಸಲ ಮನೆಗೆ ತಂದೆ. ಅದರ ಕಥೆ ಇದು.

ನನ್ನ ಗಂಡ ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದರು. ಆರು ವರ್ಷದ ಹಿಂದೆ ಅವರ ಸರ್ವಿಸ್ ಮುಗಿಯುವುದಕ್ಕೆ ಬಂದಿತ್ತು. ಇನ್ನೆರಡು ವರ್ಷ ಮುಂದುವರಿಸಿ ಎಂದು ಅರ್ಜಿ ಕೊಟ್ಟಿದ್ದರು. ಅದು ಸಿಗಬೇಕಾದರೆ ಯುದ್ಧಕ್ಕೆ ಮೈ ತಯಾರಿದೆಯೇ ಎಂದು ನೋಡುವ ಪರೀಕ್ಷೆಯಲ್ಲಿ ಪಾಸಾಗಬೇಕು. ಹಗ್ಗ ಹತ್ತುವುದು, ಹಳ್ಳ ಹಾರುವುದು ಅವರಿಗೆ ಲೆಕ್ಕಕ್ಕಿಲ್ಲ. ತೊಡಕಿದ್ದದ್ದು ಓಟದಲ್ಲಿ. ಬೆನ್ನಿಗೆ ಸಾಮಾನಿನ ಚೀಲ, ಕೈಯಲ್ಲಿ ರೈಫಲ್, ಐದು ಕಿಲೋಮೀಟರು. ವಯಸ್ಸಿಗೆ ತಕ್ಕಂತೆ ಇಷ್ಟು ನಿಮಿಷ ಎಂದು ಕೊಟ್ಟಿರುತ್ತಾರೆ. ಅದರೊಳಗೆ ಮುಟ್ಟಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರಿಗೆ ಆ ಎರಡು ವರ್ಷ ಯಾಕೆ ಬೇಕಿತ್ತು ಎಂದು ಆಗ ನನಗೆ ಸಿಟ್ಟೇ ಬರುತ್ತಿತ್ತು. ಮಗಳು ಎಂಟನೇ ಕ್ಲಾಸಿಗೆ ಬಂದಿದ್ದಳು, ಅಪ್ಪನನ್ನು ಒಟ್ಟು ಸೇರಿಸಿದರೂ ಎರಡು ವರ್ಷ ನೋಡಿರಲಿಲ್ಲ. ಕೇಳಿದರೆ, "ಅಲ್ಲಿ ನಾನು ಏನೋ ಒಂದು ಆಗಿದೀನಿ ಕಣೆ. ಇಲ್ಲಿ ಬಂದು ಏನಾಗ್ಲಿ?" ಅನ್ನುತ್ತಿದ್ದರು.

ಹಾಗಾಗಿ ಆ ವರ್ಷದ ರಜೆಯಿಡೀ ಓಟ. ನಮ್ಮ ಮನೆ ತಲಘಟ್ಟಪುರದಲ್ಲಿ. ಬೆಳಗಿನ ಐದೂವರೆಗೆ ಅಂಜನಾಪುರದ ಕಡೆ ಹೋಗುತ್ತಿದ್ದೆವು, ಅಲ್ಲಿ ಆಗಿನ್ನೂ ಖಾಲಿ ಸೈಟುಗಳ ನಡುವೆ ನೇರ ರಸ್ತೆಗಳಿದ್ದವು. ಬೆನ್ನಿನ ಚೀಲಕ್ಕೆ ರಾಗಿ ಹಿಟ್ಟಿನ ಪೊಟ್ಟಣಗಳು, ಮೇಲೊಂದು ಜಮಖಾನ. ರೈಫಲ್ ಬದಲಿಗೆ ಅತ್ತೆಯ ಕಾಲದ ಒನಕೆ. ತೂಕ ಸುಮಾರು ಅಷ್ಟೇ ಇದೆ ಎಂದು ಅವರೇ ತೂಗಿ ಆರಿಸಿದ್ದು. ನಾನು ಸ್ಕೂಟರಿನಲ್ಲಿ ಹಿಂದೆ ಹಿಂದೆ, ದೂರಕ್ಕೆ ಸ್ಕೂಟರಿನ ಮೀಟರು, ಸಮಯಕ್ಕೆ ಮೊಬೈಲು. ಹಾಲು ತರಲು ಬರುವ ಒಬ್ಬ ಅಜ್ಜಿ ದಿನಾ ನಿಂತು ನೋಡಿ ನಗುತ್ತಿದ್ದಳು.

"ಯಾರ ಮನೇಲಪ್ಪ ಭತ್ತ ಕುಟ್ಟೋದು? ಹಿಂಗೆ ಓಡ್ತಿದೀಯಲ್ಲ!"

"ಡೆಲ್ಲೀಲಿ ಅಜ್ಜಿ!" ಎಂದು ಇವರು ಏದುಸಿರಿನಲ್ಲೇ ಕೂಗುತ್ತಿದ್ದರು.

ಮೊದಲ ದಿನ ಮೂರೂವರೆ ನಿಮಿಷ ಹೆಚ್ಚಾಯಿತು. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮನೆಗೆ ಬಂದು, ತಿಂಡಿ ಬೇಡವೆಂದು ಗೋಡೆ ಕಡೆ ಮುಖ ಮಾಡಿ ಮಲಗಿದರು. ಎರಡನೇ ದಿನವೂ ಹಾಗೇ. ಮೂರನೇ ದಿನ ಅವರು ಬಗ್ಗಿ, ಮಂಡಿ ಮೇಲೆ ಕೈಯೂರಿ, ತಲೆ ಎತ್ತಿ ನನ್ನ ಮುಖ ನೋಡಿದರು. ಕನ್ನಡಿ ಮುಂದೆ ನಿಂತು ಟೇಪಿನ ಕಡೆ ಹೆದರಿ ನೋಡುವ ಹೆಂಗಸರ ನೋಟವೇ ಅದು. ನನಗೆ ತಡೆಯಲಾಗಲಿಲ್ಲ. ನಲವತ್ತು ಸೆಕೆಂಡು ಕಡಿಮೆ ಮಾಡಿ ಹೇಳಿಬಿಟ್ಟೆ.

ಅವತ್ತು ನಾಲ್ಕು ದೋಸೆ ತಿಂದರು. ಮಗಳ ಜಡೆ ಎಳೆದು ರೇಗಿಸಿದರು.

ಆಮೇಲೆ ಅದೇ ನಡೆಯಿತು. ಬಾಯಲ್ಲಿ ನಲವತ್ತು ಸೆಕೆಂಡು ಕಡಿಮೆ. ಅಂಗಡಿಗೆ ಹೋದವಳೇ ಅಳತೆ ಪುಸ್ತಕದ ಹಿಂದಿನ ಪುಟದಲ್ಲಿ ನಿಜವಾದದ್ದನ್ನು ಬರೆದಿಡುತ್ತಿದ್ದೆ. ಯಾಕೆ ಬರೆದೆನೋ, ಕೈ ಅಭ್ಯಾಸ. ನಿಜವಾಗಿಯೂ ಅವರ ಓಟ ದಿನದಿಂದ ದಿನಕ್ಕೆ ಸುಧಾರಿಸುತ್ತಿತ್ತು. ಹೇಗೂ ಕೊನೆಗೆ ನಿಜವಾದ ಲೆಕ್ಕವೂ ಟೈಮಿನೊಳಗೆ ಬರುತ್ತದೆ ಎಂದುಕೊಂಡಿದ್ದೆ.

ರಜೆ ಮುಗಿಯಲು ಹತ್ತು ದಿನವಿದೆ ಎನ್ನುವಾಗ ಒಂದು ಬೆಳಿಗ್ಗೆ ನನ್ನ ಬಾಯಿಂದ ಬಂದ ಲೆಕ್ಕ ಐದು ಸೆಕೆಂಡು ಒಳಗಿತ್ತು. ನಿಜದಲ್ಲಿ ಮೂವತ್ತೈದು ಸೆಕೆಂಡು ಹೊರಗೆ. ಅವರು ಒನಕೆಯನ್ನು ರಸ್ತೆ ಬದಿಗೆ ಇಟ್ಟು, ಅದರ ಪಕ್ಕದಲ್ಲೇ ಕೂತು, ನಕ್ಕರು.

"ಆಯ್ತು ಬಿಡು. ಸಾಕು. ಇನ್ನು ಮಂಡಿಗೆ ರೆಸ್ಟ್ ಕೊಡ್ತೀನಿ. ಈ ಹತ್ತು ದಿನ ನಿಮ್ಮ ಜೊತೆ ಇರ್ತೀನಿ."

ಆಗಲಾದರೂ ಹೇಳಬೇಕಿತ್ತು. ಇನ್ನೂ ಓಡಿ, ಆಗಿಲ್ಲ ಅನ್ನಬೇಕಿತ್ತು. ಹೇಳಲಿಲ್ಲ. ಬೈಸಿಕೊಳ್ಳುತ್ತೇನೆಂಬ ಹೆದರಿಕೆ ಅಲ್ಲ. ಹತ್ತು ದಿನ ಅಂದಾಗ ನನಗೆ ಆಸೆಯಾಯಿತು. ಮದುವೆಯಾದಾಗಿನಿಂದ ಅವರು ಹಾಗೆ ತಾವಾಗಿ ಹೇಳಿದ್ದೇ ಇಲ್ಲ.

ಎಂಥಾ ಹತ್ತು ದಿನ! ಸೋರುತ್ತಿದ್ದ ಅಡುಗೆಮನೆ ನಲ್ಲಿ ಸರಿಮಾಡಿದರು. ಮಗಳಿಗೆ ಸೈಕಲ್ ಕಲಿಸಿದರು. ನನ್ನ ಅಂಗಡಿಯಲ್ಲಿ ಕೂತು ಹುಕ್ಕು ಹಚ್ಚಲು ಹೋಗಿ ಬೆರಳು ಚುಚ್ಚಿಕೊಂಡರು, ಸೈನಿಕನ ಕೂಗು ಕೇಳಿ ಪಕ್ಕದ ಅಂಗಡಿಯವರೆಲ್ಲ ಓಡಿಬಂದರು. ಒಂದು ಸಂಜೆ ಮೂವರೂ ದೋಸೆ ತಿನ್ನಲು ಹೋಗಿ, ಜಾಗ ಸಿಗದೆ ಫುಟ್‌ಪಾತಿನಲ್ಲೇ ನಿಂತು ತಿಂದೆವು. ಅಷ್ಟು ಸಂತೋಷವಾಗಿ ನಾನು ಮೊದಲೂ ಇರಲಿಲ್ಲ, ಆಮೇಲೂ ಇಲ್ಲ.

ಹಿಂತಿರುಗಿದ ವಾರದಲ್ಲೇ ಪರೀಕ್ಷೆ. ಅರ್ಧ ನಿಮಿಷದ ಮೇಲೆ ಸ್ವಲ್ಪ ಹೆಚ್ಚಾಯಿತಂತೆ. ಇನ್ನೊಂದು ಅವಕಾಶ ಕೊಟ್ಟರು. ಅಷ್ಟರೊಳಗೆ ಗಾಬರಿಯಲ್ಲಿ ದಿನಕ್ಕೆರಡು ಸಲ ಓಡಿ ಮಂಡಿ ಊದಿಸಿಕೊಂಡಿದ್ದರು. ಅದೂ ಹೋಯಿತು. ಅರ್ಜಿ ತಿರಸ್ಕಾರವಾಗಿ ಮನೆಗೆ ಬಂದರು.

ಈಗ ಅರೆಕೆರೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್. ಗೇಟಿನ ಹತ್ತಿರ ಯಾರಾದರೂ ಸೈನ್ಯದ ಮಾತೆತ್ತಿದರೆ ಈ ಮಾತು ಬಂದೇ ಬರುತ್ತದೆ: "ಮನೇಲಿ ಟೈಮೊಳಗೇ ಬರ್ತಿದ್ದೆ ಸಾರ್. ನಮ್ಮನೆಯೋಳೇ ನೋಡಿದಾಳೆ. ಅಲ್ಲಿ ಅವತ್ತು ನಂಗೆ ಏನಾಯ್ತೋ, ಗೊತ್ತಿಲ್ಲ." ಬುತ್ತಿ ಕೊಡಲು ಹೋದಾಗ ನನ್ನ ಎದುರಿಗೇ ಹೇಳಿದ್ದಾರೆ, ಸಾಕ್ಷಿಗೆ ನನ್ನ ಕಡೆ ನೋಡಿದ್ದಾರೆ. ನಾನು ತಲೆಯಾಡಿಸಿದ್ದೇನೆ. ಆರು ವರ್ಷದಿಂದ ತಮ್ಮ ಕಾಲುಗಳೇ ಕೈಕೊಟ್ಟವೆಂದು ನಂಬಿದ್ದರು. ಮನೆಯಲ್ಲಿ ಓಟದ ಶೂ ಮತ್ತೆ ಹಾಕಲಿಲ್ಲ.

ಹೋದ ತಿಂಗಳು ಮಗಳು, ಈಗ ಹತ್ತೊಂಬತ್ತು, ಸೈನ್ಯದ ಭರ್ತಿಗೆ ಅರ್ಜಿ ಹಾಕಿದಳು. ಅವಳಿಗೂ ಓಟವಿದೆ. ಅದೇ ರಸ್ತೆ, ಈಗ ಎರಡೂ ಕಡೆ ಮನೆಗಳು. ಮೊಬೈಲನ್ನು ಅವರೇ ನನ್ನ ಕೈಗಿಟ್ಟರು. "ಅಮ್ಮನೇ ನೋಡ್ಲಿ. ಅವಳ ಕೈ ಸರಿಯಾಗಿದೆ."

ಮಗಳು ಓಡಿ ಬಂದು ಬಗ್ಗಿದಳು, ಮಂಡಿ ಮೇಲೆ ಕೈಯೂರಿ ತಲೆ ಎತ್ತಿ ನೋಡಿದಳು. ಅಪ್ಪನ ನೋಟವೇ.

"ಹನ್ನೊಂದು ಸೆಕೆಂಡು ಜಾಸ್ತಿ" ಅಂದೆ.

ಅವಳ ಕಣ್ಣಲ್ಲಿ ನೀರು ಬಂತು. ಇವರು ನಕ್ಕರು. "ಇನ್ನೊಂದ್ಸಲ ನೋಡೇ. ನಂಗೆ ಅಷ್ಟು ದಿನದಲ್ಲಿ ಹಿಂಗೆ ಮುಖದ ಮೇಲೆ ಹೊಡ್ದಂಗೆ ಹೇಳಿದ್ದು ಎರಡೇ ದಿನ."

ಮನೆಗೆ ಬಂದೆವು. ಮಗಳು ಸ್ನಾನಕ್ಕೆ ಹೋದಳು. ನಾನು ಬೀರುವಿನಿಂದ ಆ ವರ್ಷದ ಅಳತೆ ಪುಸ್ತಕ ತೆಗೆದು, ಹಿಂದಿನ ಪುಟ ತೆರೆದು ಅವರ ಮುಂದಿಟ್ಟೆ.

"ರೀ, ನಿಮಗೆ ನಾನು ದಿನಾ ನಲವತ್ತು ಸೆಕೆಂಡು ಕಡಿಮೆ ಹೇಳ್ತಿದ್ದೆ. ನಿಜವಾದದ್ದು ಇದು."

ಅವರು ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಮೇಲಿನಿಂದ ಒಂದೊಂದೇ ಸಾಲು ಇಳಿದರು. ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. ಬಚ್ಚಲಲ್ಲಿ ನೀರಿನ ಸದ್ದು ನಿಂತು ಮತ್ತೆ ಶುರುವಾಯಿತು.

"ದಿನಕ್ಕೆ ನಾಲ್ಕೈದು ಸೆಕೆಂಡು ಇಳೀತಿತ್ತು" ಅಂದರು. "ಮೂವತ್ತೈದೇ ಉಳಿದಿದ್ದು. ಇನ್ನು ಹತ್ತು ದಿನ ಓಡಿದ್ರೆ ಆಗ್ತಿತ್ತು."

ನಾನು ಹ್ಞೂಂ ಅಂದೆ.

"ಆ ಹತ್ತು ದಿನ ಏನ್ ಮಾಡಿದ್ವಿ?"

"ನಲ್ಲಿ ರಿಪೇರಿ ಮಾಡಿದ್ರಿ. ಸೈಕಲ್ ಕಲಿಸಿದ್ರಿ. ದೋಸೆಗೆ ಹೋಗಿದ್ವಿ."

"ಹೌದು. ದೋಸೆಗೆ ಹೋಗಿದ್ವಿ."

ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ, ಅತ್ತು ಹಗುರಾಗುತ್ತಿದ್ದೆ. ಎದ್ದು ಹೋಗಿ ಸೆಕ್ಯುರಿಟಿ ಯೂನಿಫಾರ್ಮು ಹಾಕಿಕೊಂಡು, ಹೊತ್ತಾಯಿತೆಂದು ಹೊರಟರು.

ಮಾರನೇ ಬೆಳಿಗ್ಗೆ ಐದೂವರೆಗೆ ಅವರೇ ಎಲ್ಲರಿಗಿಂತ ಮೊದಲು ಬಾಗಿಲಲ್ಲಿದ್ದರು. ಸ್ಕೂಟರ್ ನಾನೇ ಓಡಿಸಿದೆ. ಮೊಬೈಲು ಹಿಂದೆ ಕೂತ ಅವರ ಕೈಯಲ್ಲಿತ್ತು.