ಹೆಚ್ಚುವರಿ ಸಿಬ್ಬಂದಿ: ಅಗತ್ಯವಿಲ್ಲ

ಶಾಹೀನ್, ಅಂದು ವಿಚಾರಣೆಯ ಕೋಣೆಯಲ್ಲಿ ನಾನು ಹೇಳಿದ್ದು ಸುಳ್ಳು. ನೀವು ಬರೆದುಕೊಟ್ಟ ಎರಡು ಹಾಳೆ ನನ್ನ ಕೈಸೇರಿದ್ದವು. ಓದಿದ್ದೆ ಕೂಡ — ಒಂದಲ್ಲ, ಎರಡು ಸಲ.

ಕಚೇರಿಯ ಹೆಸರು ಇಲ್ಲಿ ಬೇಡ. ಬೇರೆ ಯಾರಾದರೂ ಇದನ್ನು ಓದುವುದಾದರೆ ಇಷ್ಟು ತಿಳಿದರೆ ಸಾಕು: ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳು. ಹೊಲಗಳ ಪಹಣಿಗಳು ಆಗಷ್ಟೇ ಕಂಪ್ಯೂಟರಿಗೆ ಏರಿದ್ದವು. ನಾನು ಶಿರಸ್ತೇದಾರ, ಪಹಣಿಯ ತಿದ್ದುಪಡಿಗೆ ಒಪ್ಪಿಗೆ ಕೊಡುವ ಪಾಸ್‌ವರ್ಡ್ ನನ್ನದು. ನೀವು ಗುತ್ತಿಗೆಯ ಮೇಲೆ ಬಂದ ಆಪರೇಟರ್, ಕೊಟ್ಟೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರ ಮಗಳು. ದಿನಾ ಬಸ್ಸಿಗೆ ಬರುತ್ತಿದ್ದಿರಿ, ನಮಗಿಂತ ಮೊದಲೇ.

ಒಂದು ದಿನ ಮೇಲಿನಿಂದ ಒಂದು ನಮೂನೆ ಬಂತು. ಕಂಪ್ಯೂಟರ್ ದಾಖಲೆಗಳ ಭದ್ರತೆಗೆ ಈಗ ಎಷ್ಟು ಜನರಿದ್ದಾರೆ, ಇನ್ನೆಷ್ಟು ಜನ ಬೇಕು, ಏಕೆ ಬೇಕು — ತುಂಬಿ ಕಳಿಸಿ ಎಂದು. ನನಗೆ ತಿಳಿಯದ ವಿಷಯ. ನಿಮ್ಮನ್ನು ಕೇಳಿದೆ. ಮರುದಿನ ಎರಡು ಹಾಳೆ ತಂದಿರಿ.

"ಮೂರು ಮಂದಿ ಬೇಕ್ರಿ ಸರ್. ಪಾಸ್‌ವರ್ಡ್ ಕೊಡೋರೊಬ್ರು, ದಿನಾ ನಕಲು ತೆಗೆದಿಡೋರೊಬ್ರು, ಯಾರು ಏನು ತಿದ್ದ್ಯಾರ ಅಂತ ವಾರಕ್ಕೊಮ್ಮೆ ನೋಡೋರೊಬ್ರು. ಈಗ ಮೂರೂ ನಾನ ಮಾಡ್ತೀನ್ರಿ. ನಾ ಮಾಡಿದ್ದನ್ನ ನಾನ ನೋಡಿದ್ರ, ಅದು ನೋಡಿದಂಗ ಆಗಂಗಿಲ್ರಿ."

ಆಮೇಲೆ ದನಿ ತಗ್ಗಿಸಿ ಹೇಳಿದಿರಿ: "ಸರ್, ನಿಮ್ಮ ಪಾಸ್‌ವರ್ಡ್ ಇಲ್ಲಿ ಎಲ್ಲರಿಗೂ ಗೊತ್ತೈತ್ರಿ. ಯಾಕ ಬೇಕು ಅನ್ನೋ ಕಡಿ ಅದನ್ನೂ ಬರೀಬೇಕಾಗತೈತಿ."

"ಇಟ್ಟು ಹೋಗು ತಂಗಿ, ನೋಡ್ತೀನಿ," ಅಂದೆ.

ನೀವು ಹೇಳಿದ್ದು ನಿಜವಾಗಿತ್ತು. ಹಳ್ಳಿಗಳಿಗೆ ಹೋಗುವಾಗ ಕೆಲಸ ನಿಲ್ಲಬಾರದೆಂದು ಪಕ್ಕದ ಮೇಜಿನ ಗುಮಾಸ್ತನಿಗೆ ಪಾಸ್‌ವರ್ಡ್ ಹೇಳಿದವನು ನಾನೇ. ಅವನಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ... ಜನ ಬೇಕು ಎಂದು ಬರೆದರೆ ಕಾರಣ ಬರೆಯಬೇಕು. ಕಾರಣ ನಾನೇ ಆಗಿದ್ದೆ. ಹಾಗಾಗಿ ಬರೆದೆ — ಹೆಚ್ಚುವರಿ ಸಿಬ್ಬಂದಿ: ಅಗತ್ಯವಿಲ್ಲ. ಅಷ್ಟಕ್ಕೇ ಬಿಡಬಹುದಿತ್ತು. ಚೆನ್ನಾಗಿ ಕಾಣಲಿ ಎಂದು ಇನ್ನೊಂದು ಸಾಲು ಸೇರಿಸಿದೆ: ಎಲ್ಲ ಪಾಸ್‌ವರ್ಡ್‌ಗಳೂ ಆಪರೇಟರ್ ಸುಪರ್ದಿಯಲ್ಲಿ ಭದ್ರವಾಗಿವೆ.

ಕೆಲವು ತಿಂಗಳು ಕಳೆದವು. ಹನುಮಕ್ಕ ಎಂಬ ಹೆಣ್ಣುಮಗಳು ಪಹಣಿ ತೆಗೆಸಲು ಬಂದಳು. ಅವಳ ಹೊಲದ ಪಹಣಿಯಲ್ಲಿ ಅವಳ ಹೆಸರಿರಲಿಲ್ಲ, ಮೈದುನನ ಹೆಸರಿತ್ತು. ತಿದ್ದಿದ್ದು ನನ್ನ ಪಾಸ್‌ವರ್ಡಿನಿಂದ, ನಾನು ಹಳ್ಳಿಗೆ ಹೋಗಿದ್ದ ದಿನ. ಗುಮಾಸ್ತನಿಗೂ ಆ ಮೈದುನನಿಗೂ ನಂಟಿತ್ತು. ಅದು ನನಗೆ ಗೊತ್ತಿತ್ತು — ಗೊತ್ತಿಲ್ಲದವನಂತೆ ಇದ್ದೆ.

ವಿಚಾರಣೆಗೆ ಬಂದ ಅಧಿಕಾರಿ ನನ್ನ ನಮೂನೆಯನ್ನೇ ಮುಂದಿಟ್ಟುಕೊಂಡು ಕೂತಿದ್ದರು. ಆ ಸಾಲಿನ ಮೇಲೆ ಬೆರಳಿಟ್ಟು ನಿಮ್ಮ ಕಡೆ ನೋಡಿದರು.

"ಸರ್, ನಾ ಮೊದಲ ಬರದು ಕೊಟ್ಟಿದ್ನಿರಿ," ಅಂದಿರಿ. "ಶಿರಸ್ತೇದಾರ್ ಸಾಹೇಬ್ರನ್ನ ಕೇಳ್ರಿ."

ಅವರು ಕೇಳಿದರು.

"ಇಲ್ರಿ. ನನಗ ಏನೂ ಬಂದಿಲ್ಲ."

ನೀವು ಜಗಳಕ್ಕೆ ನಿಲ್ಲಲಿಲ್ಲ. ಆ ಎರಡು ಹಾಳೆಗಳನ್ನು ನಾನು ಹಿಂದಿನ ದಿನವೇ ಹರಿದಿದ್ದೆ.

ನಿಮ್ಮನ್ನು ತೆಗೆದರು. ಅನುಭವ ಪತ್ರ ಕೊಡಲಿಲ್ಲ. ಹರಪನಹಳ್ಳಿಯಲ್ಲಿ ಯಾವುದೋ ಕೆಲಸ ಕೇಳಿಕೊಂಡು ಹೋದಾಗ, ಅಲ್ಲಿನವರು ನಮ್ಮ ಕಚೇರಿಗೆ ಫೋನ್ ಮಾಡಿ ವಿಚಾರಿಸಿ ನಿಮ್ಮನ್ನು ವಾಪಸ್ ಕಳಿಸಿದರಂತೆ. ಅಂದು ಫೋನೆತ್ತಿ ನಿಮ್ಮ ವಿರುದ್ಧ ಉತ್ತರ ಕೊಟ್ಟವನು — ಅದೂ ನಾನೇ. ಹನುಮಕ್ಕನ ಹೆಸರು ಪಹಣಿಗೆ ಮರಳಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವಳು ತನ್ನದೇ ಹೊಲಕ್ಕೆ ಕೂಲಿಗೆ ಹೋದಳು. ನಾನು ಬಡ್ತಿ ಪಡೆದು ನಿವೃತ್ತನಾದೆ.

ಹೋದ ತಿಂಗಳು ನಮ್ಮ ಮನೆಯ ನೀರಿನ ಮೋಟರ್ ಸುಟ್ಟಿತು. ಹಗರಿಬೊಮ್ಮನಹಳ್ಳಿಯಲ್ಲಿ ಯಾರೋ ತೋರಿಸಿದ ಅಂಗಡಿಗೆ ಹೋದರೆ, ತಾಮ್ರದ ತಂತಿ ಸುತ್ತುತ್ತ ನೀವು ಕೂತಿದ್ದಿರಿ. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಗುರುತು ಹಿಡಿದಿರಿ.

"ಬರ್ರಿ ಸರ್, ಕುಂದರ್ರಿ." ಚಹಾ ತರಿಸಿದಿರಿ. ಮೋಟರ್ ಬಿಚ್ಚಿ ನೋಡಿದಿರಿ. ಆಮೇಲೆ ಒಂದೇ ಮಾತು ಕೇಳಿದಿರಿ:

"ಸರ್, ನಾ ಹೋದಮ್ಯಾಲೆ ಅಲ್ಲಿಗೆ ಜನ ಕೊಟ್ರೇನ್ರಿ?"

"ಕೊಟ್ರು. ಮೂರು ಮಂದಿ."

"ಹಂಗಾರ ಛಲೋ ಆತು ಬಿಡ್ರಿ," ಎಂದು ಮತ್ತೆ ತಂತಿಗೆ ಕೈಹಾಕಿದಿರಿ. ಚಹಾ ಕುಡಿದು ಎದ್ದು ಬಂದೆ.

ಈಗ ಎಲ್ಲವನ್ನೂ ಹೇಳಿಕೆಯಾಗಿ ಬರೆದು ಸಹಿ ಮಾಡಿದ್ದೇನೆ. ಅದರಲ್ಲಿ ಗುಮಾಸ್ತನ ಹೆಸರಿಗಿಂತ ಮೊದಲು ನನ್ನ ಹೆಸರಿದೆ. ಒಂದು ಪ್ರತಿ ಮೇಲಿನ ಕಚೇರಿಗೆ, ಒಂದು ಹನುಮಕ್ಕನ ಮನೆಗೆ, ಈ ಕಾಗದದ ಜೊತೆ ಒಂದು ನಿಮಗೆ. ಇದರಿಂದ ನಿಮಗೆ ಆ ವರ್ಷಗಳು ಮರಳಿ ಸಿಗುವುದಿಲ್ಲ, ಗೊತ್ತು. ಕ್ಷಮಿಸಿ ಎಂದು ಎಲ್ಲಿಯೂ ಬರೆದಿಲ್ಲ — ಬರೆದರೆ ಮತ್ತೆ ನಿಮ್ಮಿಂದಲೇ ಏನನ್ನೋ ಕೇಳಿದಂತಾಗುತ್ತದೆ. ಅಂಚೆ ಕಚೇರಿ ತೆರೆಯುವ ಹೊತ್ತಾಯಿತು. ಹೊರಡುತ್ತೇನೆ.